ಅಂಚಿಲ್ಲದ ರಿಮ್

ಹಳೆಯ ರಿಮ್ಮೊಂದನ್ನು ಯಾರಾದರೂ ಕೈಗೆ ಕೊಟ್ಟರೆ ನಾನು ಮೊದಲು ಹೆಬ್ಬೆರಳಿನ ಉಗುರನ್ನು ಅದರ ಹೊರಮೈಗೆ ಇಡುತ್ತೇನೆ. ಟೈರು ಕೂರುವ ತಗ್ಗಿನ ನಡುವಿನಿಂದ ಅಂಚಿನ ಕಡೆಗೆ ನಿಧಾನವಾಗಿ ಎಳೆಯುತ್ತೇನೆ. ಅಂಚಿನಲ್ಲಿ ಒಂದು ಮಡಿಕೆಗೆ ಉಗುರು ಸಿಕ್ಕಿಕೊಂಡರೆ ಅದು ನಾವೆಲ್ಲ ಬಲ್ಲ ಮಾಮೂಲಿ ರಿಮ್. ಟೈರಿನೊಳಗಿನ ತಂತಿ ಆ ಮಡಿಕೆಯ ಕೆಳಗೆ ಕೂತು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಉಗುರು ಎಲ್ಲೂ ತಡೆಯದೆ ಜಾರಿ ಹೊರಗೆ ಬಂತೆಂದರೆ ಅದು ಅಂಟಿಸುವ ಟೈರಿನ ರಿಮ್. ಟ್ಯೂಬ್ಯುಲರ್ ಎನ್ನುತ್ತಾರೆ. ಹಿಂದೆ ರೇಸಿನ ಸೈಕಲ್ಲುಗಳಿಗೆ ಇದನ್ನೇ ಹಾಕುತ್ತಿದ್ದರು. ಇದರ ಟೈರಿಗೆ ತಂತಿಯಿಲ್ಲ. ಟ್ಯೂಬನ್ನು ಒಳಗಿಟ್ಟು ಟೈರನ್ನು ಸುತ್ತಲೂ ಹೊಲಿದುಬಿಟ್ಟಿರುತ್ತಾರೆ. ರಿಮ್ಮಿನ ಮೇಲೆ ಅದನ್ನು ನಿಲ್ಲಿಸುವುದು ಅಂಟು.

ಇದನ್ನು ಕಲಿಯಲು ಐದು ನಿಮಿಷ ಸಾಕು. ಅಂಗಡಿ ಇಟ್ಟು ಹದಿನೆಂಟು ವರ್ಷವಾದ ಮೇಲೆ ನನಗೆ ಆ ಐದು ನಿಮಿಷ ಒದಗಿ ಬಂತು. ಅಷ್ಟರೊಳಗೆ ನನ್ನ ಭಾವ ಬಿಣಗಾ ಘಟ್ಟದ ಇಳಿಜಾರಿನಲ್ಲಿ ಬಿದ್ದು, ತಮ್ಮ ತಲೆಯ ಮೇಲೆ ತಾವೇ ನಂಬಿಕೆ ಕಳೆದುಕೊಂಡು ಎರಡು ವರ್ಷ ಆಗಿಹೋಗಿತ್ತು. ಅವರು ಯಾಕೆ ಬಿದ್ದರೆಂಬುದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ನಾನು ಹೇಳಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಅಂಕೋಲೆಯ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ ನನ್ನ ಸೈಕಲ್ ಅಂಗಡಿ. ಎಲ್ಲರೂ ಮೋಟಾರ್‌ಸೈಕಲ್ ಕೊಳ್ಳತೊಡಗಿದ್ದ ಕಾಲ ಅದು. ಬಾಡಿಗೆ ಸೈಕಲ್ಲುಗಳು ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿದ್ದವು. ಕೆಲಸ ಕಡಿಮೆಯಾದಷ್ಟೂ ನನ್ನ ಜಂಭ ಮಾತ್ರ ಹೆಚ್ಚುತ್ತಿತ್ತು ಎಂದು ಈಗ ಅನಿಸುತ್ತದೆ. ಸೊಟ್ಟಗಾದ ರಿಮ್ಮನ್ನು ಕಡ್ಡಿ ಬಿಗಿದು ನೇರ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಕುಮಟೆಯಿಂದ ಕಾರವಾರದವರೆಗೆ ಇಲ್ಲ ಎಂದು ನಾನೇ ಹೇಳಿಕೊಳ್ಳುತ್ತಿದ್ದೆ. ಬೇರೆ ಯಾರೂ ಹೇಳದಿದ್ದಾಗ ಮನುಷ್ಯ ಇನ್ನೇನು ಮಾಡಿಯಾನು.

ಭಾವ ಎಂದರೆ ನನ್ನ ಅಕ್ಕನ ಗಂಡ. ಮನೆ ಚಿತ್ತಾಕುಲದಲ್ಲಿ, ಕೆಲಸ ಕದ್ರಾದ ವಿದ್ಯುತ್ ಕೇಂದ್ರದಲ್ಲಿ. ಅಲ್ಲಿ ತಯಾರಾದ ವಿದ್ಯುತ್ತು ಕಾಡಿನ ಮೇಲೆ ಹಾದುಹೋಗುವ ತಂತಿಗಳಿರುತ್ತವಲ್ಲ, ಆ ಉಕ್ಕಿನ ಗೋಪುರಗಳನ್ನು ಹತ್ತಿ ರಿಪೇರಿ ಮಾಡುವವರು. ಐವತ್ತು ಹತ್ತಿರವಾಗಿದ್ದರೂ ತಂಡದಲ್ಲಿ ಮೊದಲು ಹತ್ತುವುದು ಅವರೇ. ಮಾತು ಕಡಿಮೆ. ಗೋಪುರದ ವಿಷಯ ಬಂದರೆ ಮಾತ್ರ ಬಾಯಿ ಬಿಡುತ್ತಿದ್ದರು. ಮೇಲಿಂದ ಕಾಳಿ ನದಿ ಎಲ್ಲೆಲ್ಲಿ ತಿರುಗುತ್ತದೆ, ಯಾವ ಗುಡ್ಡದ ಮೇಲೆ ಮೊದಲು ಮಳೆ ಕಾಣಿಸುತ್ತದೆ ಎಂದೆಲ್ಲ ಹೇಳುತ್ತಿದ್ದರು. ಅಕ್ಕನಿಗೆ ಅದು ಕೇಳಿ ಕೇಳಿ ಸಾಕಾಗಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಏಣಿಯ ನಾಲ್ಕನೇ ಮೆಟ್ಟಿಲಲ್ಲೇ ನನ್ನ ಕಾಲು ನಡುಗುತ್ತದೆ.

ಆ ವರ್ಷ ಕದ್ರಾ ಹತ್ತಿರದ ಮಲ್ಲಾಪುರದ ಕ್ವಾರ್ಟರ್ಸಿನಲ್ಲಿದ್ದ ಒಬ್ಬ ಎಂಜಿನಿಯರರಿಗೆ ವರ್ಗವಾಯಿತು. ವಿಜಾಪುರದ ಕಡೆಯವರು, ಪ್ರಾಯದಲ್ಲಿ ಸೈಕಲ್ ರೇಸು ಓಡಿಸಿದವರು. ಭಾವನಿಗೆ ಪರಿಚಯ. ಸಾಮಾನು ಕಟ್ಟುವಾಗ ತಮ್ಮ ಹಳೆಯ ರೇಸಿನ ಸೈಕಲ್ಲನ್ನು ಭಾವನಿಗೆ ಕೊಟ್ಟುಬಿಟ್ಟರು. ಜೊತೆಗೆ ಕಾಗದದಲ್ಲಿ ಸುತ್ತಿದ ಎರಡು ಟೈರುಗಳು. ಭಾವ ಅದನ್ನು ಬಸ್ಸಿನ ಮೇಲೆ ಹಾಕಿಕೊಂಡು ಅಂಕೋಲೆಗೆ ತಂದರು.

"ಟೈರು ಬಲ್ಲವ್ರ ಕೈಲೇ ಅಂಟ್ಸಿ ಅಂತ ಎರಡ್ ಎರಡ್ ಸಲ ಹೇಳಿದ್ರು ಅವ್ರು," ಎಂದರು ಭಾವ. "ಬಲ್ಲವ ನೀನೇ ಅಲ್ವಾ."

"ಟೈರು ಅಂಟ್ಸೂದು ಎಂತಾ ದೊಡ್ಡ ವಿದ್ಯೆ ಭಾವ," ಎಂದೆ ನಾನು. ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

ನಿಜ ಹೇಳಬೇಕೆಂದರೆ ಅಂಥ ರಿಮ್ಮನ್ನು ನಾನು ನೋಡಿದ್ದೇ ಅವತ್ತು. ಬಿಳಿ ಲೋಹ, ಹಗುರ, ಒಂದೇ ಬೆರಳಲ್ಲಿ ಎತ್ತಬಹುದು. ಹೊರಮೈ ಬೋಗುಣಿಯ ಹಾಗೆ ಸ್ವಲ್ಪವೇ ತಗ್ಗು. ಅಂಚಿಗೆ ಮಡಿಕೆಯೇ ಇಲ್ಲ. ಸವೆದು ಹೋಗಿದೆ ಎಂದುಕೊಂಡೆ. ಇಡೀ ಸುತ್ತು ಒಂದೇ ಸಮ ಸವೆಯುವುದುಂಟೇ ಎಂದು ಯೋಚಿಸಲಿಲ್ಲ. ಅಂಗಡಿಯಲ್ಲಿದ್ದ ಸಣ್ಣ ಟೈರೊಂದನ್ನು ಹಾಕಿ ಗಾಳಿ ಹೊಡೆದೆ. ಅರ್ಧ ಗಾಳಿಗೇ ಟೈರು ಹಾರಿ ಪಕ್ಕದ ಚಹಾ ಅಂಗಡಿಯ ಬೆಂಚಿಗೆ ಬಡಿಯಿತು. ಚಹಾ ಕುಡಿಯುತ್ತಿದ್ದವರು ಒಂದು ವಾರ ನನ್ನನ್ನು ಪಟಾಕಿ ಅಂಗಡಿಯವ ಎಂದು ಗೇಲಿ ಮಾಡಿದರು. ಆಮೇಲೆ ಕಾಗದ ಬಿಚ್ಚಿ ಹೊಲಿದ ಟೈರನ್ನು ನೋಡಿದೆ. ಇದನ್ನು ಅಂಟಿಸಿಯೇ ನಿಲ್ಲಿಸಬೇಕು ಎಂದು ಅಷ್ಟಾದರೂ ತಲೆಗೆ ಹೊಳೆಯಿತು.

ಯಾವುದರಿಂದ ಅಂಟಿಸುವುದು? ಪಂಕ್ಚರ್ ಸೊಲ್ಯೂಷನ್ ಹಚ್ಚಿ ನೋಡಿದೆ, ಒಣಗಿದ ಮೇಲೆ ಕೈಯಲ್ಲಿ ಎಳೆದರೆ ಟೈರು ಕಿತ್ತು ಬಂತು. ಭಾವನನ್ನು ಕೇಳಿ ಆ ಎಂಜಿನಿಯರರಿಗೆ ಒಂದು ಫೋನು ಮಾಡಬಹುದಿತ್ತು. ಹುಬ್ಬಳ್ಳಿಯ ದೊಡ್ಡ ಅಂಗಡಿಗೆ ಒಂದು ಕಾರ್ಡು ಬರೆಯಬಹುದಿತ್ತು. ಬಲ್ಲವ ನೀನೇ ಎಂದು ಒಬ್ಬರು ಹೇಳಿಬಿಟ್ಟ ಮೇಲೆ ಹಾಗೆಲ್ಲ ಕೇಳಲು ಮನಸ್ಸು ಬರಲಿಲ್ಲ.

ನಮ್ಮದು ದೋಣಿ ಕಟ್ಟುವ ಮನೆ. ಅಜ್ಜ, ಅಪ್ಪ ಇಬ್ಬರೂ ಅದನ್ನೇ ಮಾಡಿದವರು. ನಾನೊಬ್ಬ ನೆಲದ ಕಡೆ ತಿರುಗಿ ಸೈಕಲ್ ಹಿಡಿದೆ. ದೋಣಿಯ ಹಲಗೆಗಳ ಸಂದಿಗೆ ಹತ್ತಿ ತುಂಬಿ, ಅದರ ಮೇಲೆ ಚಂದ್ರಸವನ್ನು ಎಣ್ಣೆಯಲ್ಲಿ ಕಾಯಿಸಿ ಬಳಿಯುತ್ತಾರೆ. ಚಂದ್ರಸ ಎಂದರೆ ಮರದ ಅಂಟು, ಹಳದಿ ಗಟ್ಟಿ. ಕಾಯಿಸಿದಾಗ ಕರಗುತ್ತದೆ, ಆರಿದಾಗ ಕಲ್ಲಾಗುತ್ತದೆ. ಇಡೀ ಮೀನಿನ ಹಂಗಾಮು ಸಮುದ್ರ ಬಡಿದರೂ ಬಿಡುವುದಿಲ್ಲ. ನಮ್ಮಲ್ಲಿ ಒಡೆದ ಮಡಕೆಗೂ ಅದೇ, ಸೋರುವ ಮಾಡಿನ ಹಂಚಿಗೂ ಅದೇ. ಸಮುದ್ರವನ್ನೇ ತಡೆಯುವ ಅಂಟು ಒಂದು ಸೈಕಲ್ ಟೈರನ್ನು ಹಿಡಿಯದೇ ಎಂದುಕೊಂಡೆ. ಅಪ್ಪನ ಹಳೆಯ ಡಬ್ಬಿಯಿಂದ ಚಂದ್ರಸ ತೆಗೆದು, ಎಣ್ಣೆಯಲ್ಲಿ ಕಾಯಿಸಿ, ರಿಮ್ಮಿನ ತಗ್ಗಿನಲ್ಲಿ ಬಳಿದು, ಬಿಸಿಯಿರುವಾಗಲೇ ಟೈರನ್ನು ಎಳೆದು ಕೂರಿಸಿದೆ. ಮರುದಿನ ಇಬ್ಬರು ಎಳೆದರೂ ಜಪ್ಪಯ್ಯ ಎನ್ನಲಿಲ್ಲ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಚಹಾ ಅಂಗಡಿಯವರನ್ನೂ ಕರೆದು ಎಳೆಸಿದೆ.

ಭಾವ ಬಂದದ್ದು ಏಪ್ರಿಲ್ಲಿನ ಒಂದು ಶನಿವಾರ. ಶನಿವಾರ ಅವರದು ಉಪವಾಸ, ರಾತ್ರಿಯೇ ಊಟ. ಅಂಕೋಲೆಯಿಂದ ಚಿತ್ತಾಕುಲದವರೆಗೆ ಸೈಕಲ್ಲಿನಲ್ಲೇ ಹೋಗುತ್ತೇನೆ ಎಂದರು. ನಾನು ಸ್ಕೂಟರಿನಲ್ಲಿ ಹಿಂದೆ ಬರುತ್ತೇನೆ ಎಂದೆ. ಚಕ್ರವನ್ನು ತಿರುಗಿಸಿ ನೋಡಿ ಅವರು ಕೇಳಿದರು, "ರೋಡಿಗೆ ಅಡ್ಡಿಲ್ಲ ಅಲ್ವಾ?"

"ಕಣ್ಣು ಮುಚ್ಕಂಡು ಹೋಗಿ."

ಅವರ್ಸಾ ದಾಟಿದರು, ಅಮದಳ್ಳಿ ದಾಟಿದರು. ಹೆದ್ದಾರಿಯ ಡಾಂಬರು ಬಿಸಿಲಿಗೆ ಕಾದು ಮೆತ್ತಗಾಗಿತ್ತು. ಅವರ ಬೆನ್ನು ನೋಡುತ್ತ ನಾನು ಹಿಂದೆ ಹೋಗುತ್ತಿದ್ದೆ. ಅಷ್ಟು ಸಂತೋಷದಿಂದ ಇದ್ದ ಬೆನ್ನನ್ನು ನಾನು ಬೇರೆ ಕಂಡಿಲ್ಲ. ಬಿಣಗಾ ಘಟ್ಟವನ್ನು ಎದ್ದು ನಿಂತು ತುಳಿದು ಏರಿದರು. ನೆತ್ತಿಯಲ್ಲಿ ಒಮ್ಮೆ ತಿರುಗಿ ನೋಡಿ ಕೈ ಎತ್ತಿದರು. ಆಮೇಲೆ ಕಾರವಾರದ ಕಡೆಯ ಇಳಿಜಾರಿಗೆ ಇಳಿದು ತಿರುವಿನಲ್ಲಿ ಮರೆಯಾದರು. ಮುಂದೆ ಒಂದು ಲಾರಿ ಇಳಿಯುತ್ತಿದ್ದುದರಿಂದ ಉದ್ದಕ್ಕೂ ಬ್ರೇಕು ಹಿಡಿದೇ ಹೋಗಿರಬೇಕು. ಈ ಸೈಕಲ್ಲಿನ ಬ್ರೇಕು ರಬ್ಬರುಗಳು ರಿಮ್ಮಿನ ಎರಡೂ ಪಕ್ಕೆಗಳನ್ನು ಒತ್ತಿ ಹಿಡಿಯುವಂಥವು.

ನಾನು ತಿರುವು ದಾಟಿದಾಗ ಅವರು ರಸ್ತೆಯ ಬದಿಯ ಮಣ್ಣಿನಲ್ಲಿ ಕೂತಿದ್ದರು. ಹಣೆಯಿಂದ ರಕ್ತ ಇಳಿಯುತ್ತಿತ್ತು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. "ಎಂತಾ ಆಯ್ತು?" ಎಂದು ನನ್ನನ್ನೇ ಕೇಳಿದರು. ಮತ್ತೆ ಮತ್ತೆ ಅದೇ ಪ್ರಶ್ನೆ. ಸೈಕಲ್ಲು ಅಷ್ಟು ದೂರದಲ್ಲಿ ಬಿದ್ದಿತ್ತು. ಮುಂದಿನ ಟೈರು ರಿಮ್ಮಿನಿಂದ ಅರ್ಧ ಹೊರಳಿ ಹೊರಗೆ ಬಂದಿತ್ತು. ರಿಮ್ಮಿಗೆ ಕೈಯಿಟ್ಟೆ, ಸುಟ್ಟಿತು. ಬೆರಳಿಗೆ ಚಂದ್ರಸ ಹತ್ತಿತು, ಪಾಕದ ಹಾಗೆ ನೂಲು ಎಳೆಯಿತು. ದೋಣಿಗೆ ಬಳಿಯುವಾಗ ಬರುವ ಆ ವಾಸನೆ ಮೂಗಿಗೆ ಬಂತು. ನಾನು ಹುಟ್ಟಿದಾಗಿನಿಂದ ಬಲ್ಲ ವಾಸನೆ. ಕಾದರೆ ಕರಗುತ್ತದೆ ಎಂದು ನನ್ನ ಕೈಯಾರೆ ಕರಗಿಸಿ ಬಳಿದವ ನಾನು, ಮತ್ತೆ ಕಾದರೆ ಮತ್ತೆ ಕರಗುತ್ತದೆ ಎಂದು ನೆನೆಯಲಿಲ್ಲ. ದೋಣಿಗೆ ಬ್ರೇಕಿಲ್ಲ.

ಜನ ಸೇರಿದರು. ಲಾರಿಯವನೊಬ್ಬ ಟೈರನ್ನು ತೋರಿಸಿ ಇದೇನು ಎಂದು ಕೇಳಿದ. "ಬಿದ್ದ ಹೊಡೆತಕ್ಕೆ ಕಿತ್ತು ಬಂದದೆ," ಎಂದೆ. ಬಾಯಿಂದ ತಾನಾಗಿ ಬಂತು. ಬಂದ ಮೇಲೆ ಅದನ್ನು ಹಿಂದೆ ತೆಗೆದುಕೊಳ್ಳುವುದು ಹೇಗೆಂದು ತಿಳಿಯಲಿಲ್ಲ.

ಕಾರವಾರದ ಆಸ್ಪತ್ರೆಯಲ್ಲಿ ಹೆಗಲ ಎಲುಬು ಮುರಿದಿದೆ ಎಂದರು. ತಲೆಗೆ ಬಿದ್ದ ಪೆಟ್ಟು ದೊಡ್ಡದಲ್ಲ, ಆದರೆ ಬೀಳುವ ಮುಂಚಿನ ಕೆಲವು ನಿಮಿಷ ಭಾವನಿಗೆ ನೆನಪೇ ಇರಲಿಲ್ಲ. ಘಟ್ಟದ ನೆತ್ತಿಯಲ್ಲಿ ಕೈ ಎತ್ತಿದ್ದೂ ನೆನಪಿರಲಿಲ್ಲ. ಡಾಕ್ಟರು ಕೇಳಿದರು, ಬೀಳುವ ಮೊದಲು ತಲೆ ಸುತ್ತು ಬಂದಿತ್ತೇ ಎಂದು. ಭಾವ ನನ್ನ ಮುಖ ನೋಡಿದರು. ಆಗ ನಾನು ಒಂದು ಮಾತು ಹೇಳಿದೆ: "ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ ಡಾಕ್ಟ್ರೇ. ಶನಿವಾರದ ಉಪಾಸ."

ಅದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ನನ್ನ ಜೀವನದಲ್ಲಿ ನಾನು ಹೇಳಿದ ದೊಡ್ಡ ಸುಳ್ಳು ಅದೇ.

ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಸ್ವಲ್ಪ ಕಾಲ ಎತ್ತರಕ್ಕೆ ಹತ್ತುವುದು ಬೇಡ, ನೋಡಿಕೊಂಡು ಮುಂದೆ ವಿಚಾರ ಮಾಡೋಣ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಅವರಿಗೆ ಸಿಕ್ಕ ಸಂಗತಿ ಅಷ್ಟೇ. ಕಚೇರಿಯವರು ಭಾವನನ್ನು ಕೆಳಗೆ ಕೂರಿಸಿ ಪುಸ್ತಕ ಬರೆಯುವ ಕೆಲಸಕ್ಕೆ ಹಾಕಿದರು.

ಹೆಗಲು ಮೂರು ತಿಂಗಳಲ್ಲಿ ಕೂಡಿತು. ಭಾವ ಮಾತ್ರ ಮೊದಲಿನ ಹಾಗಾಗಲಿಲ್ಲ. ಚಕ್ಕರ್ ಬಂದು ಬಿದ್ದೆ ಎಂದು ಅವರೇ ಎಲ್ಲರಿಗೂ ಹೇಳತೊಡಗಿದರು. ನಮ್ಮ ಕಡೆ ತಲೆ ಸುತ್ತುವುದಕ್ಕೆ ಹಾಗೆನ್ನುತ್ತಾರೆ. ಬಂದದ್ದು ಗೊತ್ತೇ ಆಗದೆ ಬಂತಲ್ಲ, ಅದೇ ಅವರ ಭಯ. ಸೂಚನೆ ಕೊಟ್ಟು ಬರುವ ಚಕ್ಕರಾದರೆ ಏನಾದರೂ ಹಿಡಿದುಕೊಳ್ಳಬಹುದು. ಇದು ಹಾಗಲ್ಲ, ಗೋಪುರದ ತುದಿಯಲ್ಲಿ ಬಂದರೆ ಏನು ಗತಿ ಎನ್ನುತ್ತಿದ್ದರು. ಡಾಕ್ಟರು ಮುಂದಿನ ವರ್ಷ ಪರೀಕ್ಷೆ ಮಾಡಿ ಏನೂ ಇಲ್ಲ ಎಂದರೂ ಅವರು ನಂಬಲಿಲ್ಲ. ಮೆಟ್ಟಿಲಿಳಿಯುವಾಗ ಗೋಡೆಗೆ ಕೈ. ಬಚ್ಚಲಿಗೆ ಹೋಗುವಾಗ ಗೋಡೆಗೆ ಕೈ. ಮನೆಯ ಹಂಚು ಸರಿಸಲು ಆಳು ಬರತೊಡಗಿದ. ಬಾವಿಯಿಂದ ನೀರು ಸೇದಲು ಅಕ್ಕ ಅವರನ್ನು ಬಿಡುತ್ತಿರಲಿಲ್ಲ. ಕಾಳಿ ಸೇತುವೆಯ ಮೇಲೆ ಬಸ್ಸು ಹೋಗುವಾಗ ಕಿಟಕಿಯ ಪಕ್ಕ ಕೂರುತ್ತಿರಲಿಲ್ಲ ಎಂದು ಅಕ್ಕ ಒಮ್ಮೆ ಹೇಳಿದಳು. ನಾನು ಸೇದುತ್ತಿದ್ದ ನೀರಿನ ಹಗ್ಗವನ್ನು ಕೈಯಲ್ಲೇ ಹಿಡಿದು ನಿಂತೆ.

ಹಬ್ಬಕ್ಕೆ ಹೋದಾಗೆಲ್ಲ ಇವತ್ತು ಹೇಳುತ್ತೇನೆ ಎಂದು ಮನಸ್ಸು ಮಾಡಿಕೊಂಡು ಹೋಗುತ್ತಿದ್ದೆ. ಅಕ್ಕ ಎಲೆ ಹಾಕಿ ಬಡಿಸುವಳು, ಭಾವ ಪಕ್ಕದಲ್ಲಿ ಕೂತು ಅಂಗಡಿ ಹೇಗೆ ನಡೆದಿದೆ ಎಂದು ಕೇಳುವರು. ನಾನು ಅಂಗಡಿಯ ಲೆಕ್ಕವನ್ನೇ ಹೇಳುತ್ತಿದ್ದೆ. ಊಟ ಮುಗಿಸಿ ಸಂಜೆಯ ಬಸ್ಸಿಗೆ ವಾಪಸು ಬರುತ್ತಿದ್ದೆ. ತಡ ಮಾಡಿದಷ್ಟೂ ಹೇಳಬೇಕಾದ್ದು ಬೆಳೆಯುತ್ತದೆ. ಮೊದಲ ದಿನ ಹೇಳಿದ್ದರೆ ಅಂಟಿನ ತಪ್ಪು ಒಂದೇ ಇತ್ತು.

ಆ ಮುಂದಿನ ಚಕ್ರವನ್ನು ಅಂಗಡಿಯ ಹಿಂದಿನ ಗೋಡೆಗೆ ನೇತುಹಾಕಿದ್ದೆ. ಎಸೆಯಲು ಧೈರ್ಯ ಬರಲಿಲ್ಲ. ಎರಡು ವರ್ಷ ಕಳೆದ ಮೇಲೆ ಜಮಖಂಡಿ ಕಡೆಯ ಒಬ್ಬ ಮುದುಕರು ಅಂಕೋಲೆಗೆ ಬಂದರು. ಮಗಳಿಗೆ ಇಲ್ಲಿ ಸರ್ಕಾರಿ ಕೆಲಸವಾಗಿ, ಅವಳ ಜೊತೆ ಕೆಲವು ತಿಂಗಳು ಇರಲು ಬಂದವರು. ಪ್ರಾಯದಲ್ಲಿ ರೇಸಿನವರ ಸೈಕಲ್ಲು ರಿಪೇರಿ ಮಾಡುತ್ತಿದ್ದರಂತೆ. ಪೇಪರು ಓದುವ ನೆಪದಲ್ಲಿ ನನ್ನ ಅಂಗಡಿಗೆ ಬಂದು ಕೂರುತ್ತಿದ್ದರು. ಒಂದು ದಿನ ಆ ಚಕ್ರ ಅವರ ಕಣ್ಣಿಗೆ ಬಿತ್ತು. ಕೆಳಗಿಳಿಸಿ ತೊಡೆಯ ಮೇಲಿಟ್ಟುಕೊಂಡರು.

ಉಗುರಿನ ಪರೀಕ್ಷೆ ಕಲಿಸಿದ್ದು ಅವರೇ. ಆಮೇಲೆ ರಿಮ್ಮಿನ ಪಕ್ಕೆಗೆ ಸ್ಟೀಲಿನ ಸ್ಕೇಲು ಇಟ್ಟು ಬೆಳಕಿಗೆ ಹಿಡಿದು ತೋರಿಸಿದರು. ಬ್ರೇಕು ತಿಂದು ಪಕ್ಕೆ ಒಳಗೆ ಹೋಗಿದ್ದರೆ ಸ್ಕೇಲಿನ ಕೆಳಗೆ ಬೆಳಕು ಕಾಣುತ್ತದೆ. ಅಂಥ ರಿಮ್ ರಸ್ತೆಗೆ ಬೇಡ. ಕಡ್ಡಿಯ ತೂತುಗಳ ಸುತ್ತ ಕೂದಲೆಳೆಯಂಥ ಸೀಳಿದೆಯೇ ಎಂದು ಒಂದೊಂದನ್ನೇ ಬಟ್ಟೆಯಿಂದ ಒರೆಸಿ ನೋಡಬೇಕು. ರಿಮ್ಮಿನ ಎರಡು ತುದಿ ಕೂಡಿಸಿದ ಜಾಗ ಬಿಟ್ಟುಕೊಂಡಿದೆಯೇ ನೋಡಬೇಕು. ತೂತುಗಳನ್ನು ಎಣಿಸಬೇಕು, ಮೂವತ್ತಾರಿದ್ದರೆ ನಮ್ಮ ಗುಂಡಿ ರಸ್ತೆಗೂ ತಡೆದೀತು, ಬಹಳ ಕಡಿಮೆಯಿದ್ದು ಹಗುರವಾಗಿದ್ದರೆ ಅದು ನುಣುಪಾದ ಟ್ರ್ಯಾಕಿನ ಮೇಲೆ ಓಡಲು ಮಾಡಿದ್ದು, ಗೋಡೆಗೆ ನೇತುಹಾಕಲು ಚೆನ್ನ. ಎಲ್ಲ ಸರಿಯಿದ್ದರೂ ಹಳೆಯ ಅಂಟನ್ನು ಪೂರ್ತಿ ಕೆರೆದು, ಅದಕ್ಕೆಂದೇ ಇರುವ ಅಂಟನ್ನು ತೆಳ್ಳಗೆ ಎರಡು ಮೂರು ಸಲ ಹಚ್ಚಿ, ಒಂದು ದಿನ ಪೂರ್ತಿ ಬಿಟ್ಟು, ಹೆಬ್ಬೆರಳಿನಿಂದ ಟೈರನ್ನು ಪಕ್ಕಕ್ಕೆ ನೂಕಿ ನೋಡಬೇಕು. ಎಲ್ಲಾದರೂ ಒಂದು ನೂಲಿನಷ್ಟು ಎದ್ದರೂ ರಸ್ತೆಗೆ ಬಿಡಬಾರದು.

ಇದನ್ನೆಲ್ಲ ಹೇಳಿ ಅವರು ತಗ್ಗಿನಲ್ಲಿ ಉಳಿದಿದ್ದ ಹಳದಿ ಅಂಟನ್ನು ಉಗುರಿನಿಂದ ಕೆರೆದು ಮೂಸಿದರು. "ಇದೇನ ಹಚ್ಚೀಯೋ ತಮ್ಮಾ?"

"ಚಂದ್ರಸ. ದೋಣಿಗೆ ಹಚ್ಚೂದು."

"ನೀರಿಗೆ ಚಲೋ ಇರಬೇಕು," ಎಂದರು ಅವರು. "ಬ್ರೇಕ್ ಹಿಡದರ ರಿಮ್ ಕಾಯತದಲ್ಲೋ. ಈ ಸೈಕಲ್ ಯಾರ ಹೊಡದಿದ್ರು?"

"ಯಾರೂ ಇಲ್ಲ."

ಅವರು ಮತ್ತೆ ಕೇಳಲಿಲ್ಲ. ಚಕ್ರವನ್ನು ಇನ್ನೊಮ್ಮೆ ತಿರುಗಿಸಿ, "ರಿಮ್ ಗಟ್ಟಿ ಅದ. ರೋಡಿಗೆ ಏನೂ ಧಾಡಿ ಇಲ್ಲ ಇದಕ್ಕ. ಅಂಟ ಒಂದು ಸರಿ ಇದ್ದಿದ್ರ ಇನ್ನೂ ಹತ್ತ ವರ್ಷ ಓಡತಿತ್ತು," ಎಂದರು. ಆ ಮಾತಿಗೆ ನನಗೆ ಅಳು ಬಂತು. ರಿಮ್ಮಿನಲ್ಲಿಯೂ ಒಂದು ದೋಷ ಸಿಗಲಿ ಎಂದು ನಾನು ಒಳಗೊಳಗೇ ಕಾದಿದ್ದೆ ಎಂಬುದು ಆಗಲೇ ನನಗೆ ತಿಳಿದದ್ದು.

ಅವರು ಊರಿಗೆ ಮರಳಿದ ಮೇಲೆ ತಮ್ಮ ಕಡೆಯವರಿಗೆ ನನ್ನ ಹೆಸರು ಹೇಳಿರಬೇಕು. ಬೆಳಗಾವಿ, ವಿಜಾಪುರದಿಂದ ಒಬ್ಬಿಬ್ಬರು ಅಟ್ಟದಿಂದ ಇಳಿಸಿದ ಹಳೆಯ ರಿಮ್ಮುಗಳನ್ನು ಹಿಡಿದು ಬರತೊಡಗಿದರು. ಗೋವೆಯಿಂದಲೂ ಬಂದರು. ಇದು ಯಾವ ರಿಮ್, ರಸ್ತೆಗೆ ಆದೀತೇ ಎಂದು ಕೇಳುತ್ತಿದ್ದರು. ನಾನು ಉಗುರು ಎಳೆದು, ಸ್ಕೇಲು ಹಿಡಿದು ಹೇಳುತ್ತಿದ್ದೆ. ಆಗದು ಎಂದು ಹೇಳುವುದರಲ್ಲಿ ನನ್ನಷ್ಟು ಕಟ್ಟುನಿಟ್ಟಿನವನಿಲ್ಲ ಎಂದು ಹೆಸರಾಯಿತು. ಜನ ಮೆಚ್ಚಿದಾಗ ಮುಖ ಎಲ್ಲಿಡಲಿ ಎನಿಸುತ್ತಿತ್ತು.

ಭಾವ ಬಿದ್ದು ಮೂರು ವರ್ಷ ದಾಟಿದ ಮೇ ತಿಂಗಳಲ್ಲಿ ಅಕ್ಕನ ಫೋನು ಬಂತು. "ಇವ್ರು ಕೆಲಸ ಬಿಡ್ತ್ರಂತೆ ಮಾರಾಯಾ. ನಿವೃತ್ತಿ ಕೊಡಿ ಅಂತ ಅರ್ಜಿ ಬರ್ದು ಇಟ್ಟಾರೆ. ಗೋಪುರ ಹತ್ತೂಕಾಗ್ದವ ಅಲ್ಲಿ ಕೂತು ಎಂತಾ ಮಾಡೂದು ಅಂತ್ರು. ಸೋಮವಾರ ಕೊಡೂದಂತೆ. ನೀ ಬಂದು ಒಂದ್ ಮಾತು ಹೇಳು. ನಿನ್ನ ಮಾತು ಕೇಳ್ತ್ರು ಅವ್ರು."

ನಿನ್ನ ಮಾತು ಕೇಳುತ್ತಾರೆ ಎಂದಳಲ್ಲ, ನಾನು ಫೋನಿಟ್ಟು ಅಲ್ಲೇ ನೆಲದ ಮೇಲೆ ಕೂತೆ. ಮರುದಿನ ಭಾನುವಾರ ಬೆಳಿಗ್ಗೆ ಚಕ್ರವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಕಾರವಾರದ ಬಸ್ಸು ಹತ್ತಿದೆ. ಘಟ್ಟದ ಆ ತಿರುವು ಬಂದಾಗ ಕಣ್ಣು ಮುಚ್ಚಿಕೊಂಡೆ. ಕಾರವಾರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಸೇತುವೆ ದಾಟಿದೆ.

ಅಕ್ಕ ಹಿತ್ತಲ ಬಾಗಿಲಲ್ಲಿ ಬಂಗಡೆ ಮೀನು ಕೊಯ್ಯುತ್ತಿದ್ದಳು. ಭಾವ ಜಗಲಿಯಲ್ಲಿದ್ದರು. ಅರ್ಜಿಯ ಕಾಗದ ಪಕ್ಕದ ಸ್ಟೂಲಿನ ಮೇಲೆ, ಅದರ ಮೇಲೆ ಒಂದು ಲೋಟ. ನಾನು ಕೂರಲಿಲ್ಲ. ಚೀಲ ಬಿಚ್ಚಿ ಚಕ್ರವನ್ನು ಅವರ ಮುಂದೆ ಇಟ್ಟೆ.

"ಭಾವ, ಅವತ್ತು ನಿಮ್ಗೆ ಚಕ್ಕರ್ ಬಂದಿರ್ಲಿಲ್ಲ."

"ನಿಂಗೆ ಹ್ಯಾಂಗೆ ಗೊತ್ತು?"

ಹೇಳಿದೆ. ಚಂದ್ರಸ ಹಚ್ಚಿದ್ದು, ಬ್ರೇಕಿಗೆ ರಿಮ್ ಕಾದದ್ದು, ಅಂಟು ಕರಗಿ ಟೈರು ಹೊರಳಿದ್ದು. ಟೈರು ಹೊರಳಿದರೆ ಯಾರಿದ್ದರೂ ಬೀಳಲೇಬೇಕು, ಹೊಟ್ಟೆ ತುಂಬಿದ್ದರೂ ಬೀಳಬೇಕು ಎಂದೆ. ಉಪವಾಸದ ಮಾತು ಡಾಕ್ಟರ ಮುಂದೆ ಯಾಕೆ ಹೇಳಿದೆ ಎಂಬುದನ್ನೂ ಹೇಳಿದೆ. ಅವರು ಬಗ್ಗಿ ತಗ್ಗಿನಲ್ಲಿ ಬೆರಳಾಡಿಸಿದರು. ಒಣಗಿ ಕಲ್ಲಾಗಿದ್ದ ಅಂಟಿನ ಚೂರೊಂದು ಎದ್ದು ಬಂತು. ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತ ಕೇಳಿದರು.

"ಇದು ನಿಂಗೆ ಯಾವತ್ತು ಗೊತ್ತಾಯ್ತು?"

"ಅವತ್ತೇ."

"ಅವತ್ತೇ." ಚೂರನ್ನು ಸ್ಟೂಲಿನ ಮೇಲೆ ಇಟ್ಟರು. "ಮೂರು ವರ್ಷ ನಾ ಬಚ್ಚಲಿಗೆ ಹೋಗೂಕೂ ಗೋಡೆ ಹಿಡ್ಕಂಡೆ. ನೀ ನೋಡ್ತಿದ್ದೆ."

"ಹೌದು."

"ದೀಪಾವಳಿಗೆ ಬಂದಾಗ್ಲೂ ನೋಡ್ದೆ."

"ಹೌದು ಭಾವ."

"ಟೈರು ಅಂಟ್ಸೂಕೆ ಬರೂದಿಲ್ಲ ಅಂದಿದ್ರೆ ನಾ ಎಂತಾ ನಗ್ತಿದ್ನಾ?"

ಬೈಯುತ್ತಾರೆ ಎಂದು ಕಾದೆ, ಬೈದಿದ್ದರೆ ಒಳ್ಳೆಯದಿತ್ತು. ಅವರು ಅರ್ಜಿಯ ಮೇಲಿಂದ ಲೋಟ ತೆಗೆದು, ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು ಒಳಗೆ ಹೋದರು. ಕೋಣೆಯ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

ಅಕ್ಕ ಯಾವಾಗಲೋ ಬಂದು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಕೈಯಲ್ಲಿ ಮೀನಿನ ರಕ್ತ. ನನ್ನ ಮುಖ ನೋಡದೆ, "ಊಟ ಮಾಡ್ಕಂಡು ಹೋಗು," ಎಂದಳು. ಬಡಿಸಿದಳು. ಭಾವ ಊಟಕ್ಕೆ ಬರಲಿಲ್ಲ. ಬಂಗಡೆಯ ಸಾರು ಅಕ್ಕನ ಕೈಯದು, ನನಗೆ ಅದರ ರುಚಿಯೇ ತಿಳಿಯಲಿಲ್ಲ. ಎಲೆ ಎತ್ತುವಾಗ ಅಕ್ಕ ಒಂದೇ ಮಾತು ಆಡಿದಳು. "ಬಾವಿ ಹತ್ರ ಅವ್ರನ್ನ ಹಿಂದೆ ಎಳೀತಿದ್ದೆ ನಾನು. ದಿನಾ." ಅಷ್ಟು ಹೇಳಿ ಒಳಗೆ ಹೋದಳು.

ಸೋಮವಾರ ಅರ್ಜಿ ಕೊಟ್ಟರೋ ಇಲ್ಲವೋ ನನಗೆ ಯಾರೂ ಹೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಮಳೆ ಬಂತು. ಗೌರಿ ಹಬ್ಬಕ್ಕೆ ಕರೆ ಬರಲಿಲ್ಲ. ನಾನು ಅಂಗಡಿಯಲ್ಲಿ ಕೂತು ಫೋನು ನೋಡುತ್ತಿದ್ದೆ. ಅಕ್ಕನ ಸಿಟ್ಟು ನನಗೆ ನ್ಯಾಯವೆನಿಸುತ್ತಿತ್ತು, ಆದರೂ ಪ್ರತಿ ಸಲ ಫೋನು ಬಂದಾಗ ಅವಳದೇ ಇರಬಹುದೆಂದು ಓಡಿ ಎತ್ತುತ್ತಿದ್ದೆ.

ಮಳೆ ಹಿಂದೆಗೆದು ಬಿಸಿಲು ಬಿದ್ದ ಮೇಲೆ ಒಂದು ಮಧ್ಯಾಹ್ನ ಅಕ್ಕ ಫೋನು ಮಾಡಿದಳು. ಧ್ವನಿ ತಗ್ಗಿಸಿ ಮಾತಾಡುತ್ತಿದ್ದಳು. ಭಾವ ಎರಡು ತಿಂಗಳ ಹಿಂದೆಯೇ ಮತ್ತೆ ಪರೀಕ್ಷೆ ಮಾಡಿಸಿಕೊಂಡಿದ್ದರಂತೆ, ಡಾಕ್ಟರು ಹತ್ತಬಹುದೆಂದು ಬರೆದುಕೊಟ್ಟಿದ್ದರಂತೆ. ಆಮೇಲೆ ಮನೆಯ ಮಾಡು ಹತ್ತಿ ಹಂಚು ಸರಿಸಿದರಂತೆ, ತಾವೇ ಬಾವಿಯಿಂದ ನೀರು ಸೇದಿದರಂತೆ.

"ನಿನ್ನೆ ಗೋಪುರ ಹತ್ತಿದ್ರು," ಎಂದಳು. "ಪೂರಾ ಮೇಲಿನ್ ತನಕ. ಬಂದು ಎರಡ್ ಸಲ ಅನ್ನ ಹಾಕ್ಸ್ಕಂಡ್ರು. ನದಿ ಹಾಂಗೆ ಕಾಣ್ತದೆ, ಹೀಂಗೆ ಕಾಣ್ತದೆ ಅಂತ ಒಂದೇ ಸಮ ಮಾತು. ನಂಗೆ ಅಳೂಕೇ ಬಂತು."

ನಾನೂ ಅಳುತ್ತಿದ್ದೆ. ಭಾವನಿಗೆ ಫೋನು ಕೊಡು, ಒಂದು ಮಾತಾಡುತ್ತೇನೆ ಎಂದೆ.

ಅಕ್ಕ ಧ್ವನಿ ಇನ್ನೂ ತಗ್ಗಿಸಿದಳು. "ನಿಂಗೆ ಹೇಳ್ಬೇಡ ಅಂದಾರೆ. ಊರಿಗೆಲ್ಲ ಹೇಳು, ಅವ್ನಿಗೆ ಮಾತ್ರ ಬೇಡ ಅಂದ್ರು. ಯಾಕೆ ಅಂತ ಕೇಳ್ದೆ. ಇದೊಂದು ಸುಖ ಅವ್ನಿಗೆ ಸಿಗೂದು ಬೇಡ ಅಂದ್ರು."

ಮುಂದಿನ ವರ್ಷದಿಂದ ಹಬ್ಬಕ್ಕೆ ಮತ್ತೆ ಕರೆಯತೊಡಗಿದರು. ಹೋಗುತ್ತೇನೆ. ಭಾವ ಪಕ್ಕದಲ್ಲೇ ಕೂತು ಊಟ ಮಾಡುತ್ತಾರೆ, ಮಳೆಯ ವಿಷಯ, ಮೀನಿನ ವಿಷಯ ಮಾತಾಡುತ್ತಾರೆ. ಕದ್ರಾದ ಸುದ್ದಿ ಮಾತ್ರ ನನ್ನೆದುರು ಎತ್ತುವುದಿಲ್ಲ. ಅವರು ಗೋಡೆ ಹಿಡಿಯದೆ ಮೆಟ್ಟಿಲಿಳಿದು ಹೋಗುವುದನ್ನು ನಾನು ನೋಡುತ್ತೇನೆ, ಏನೂ ಕೇಳುವುದಿಲ್ಲ.